ಕಾಶೀಮ ಕರೆದ ಹೆಸರು

ಸಿನೆಮಾ ತಂಬಿನ ಮಾಲಕ ಬಸಲಿಂಗಯ್ಯನ ಹೆಸರು ಕಿವಿಗೆ ಬಿದ್ದರೆ ಕಾಶೀಮ ಇವತ್ತಿಗೂ ಬಾಯಲ್ಲಿದ್ದ ಎಲೆಯಡಿಕೆ ಉಗುಳುತ್ತಾನೆ. ಯಾರ ಅಂಗಳದಲ್ಲಿ ಕುಳಿತಿದ್ದೇನೆ ಎಂದೂ ನೋಡುವುದಿಲ್ಲ. "ಹಾಡು ನಿಂದಲ್ಲೋ, ತಂಬಿಂದು" ಎಂದು ಆ ಮನುಷ್ಯ ಹಳಿಯಾಳದ ಸಂತೆ ಬಯಲಿನಲ್ಲಿ ನಾಲ್ಕು ಜನರ ಎದುರು ಹೇಳಿದ ಮಾತು ಇವನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಕುಳಿತುಬಿಟ್ಟಿದೆ. ಯುದ್ಧ ಮುಗಿಯಿತು, ದೇಶಕ್ಕೆ ಸ್ವಾತಂತ್ರ್ಯ ಬಂತು, ತಾಲೂಕು ಕಚೇರಿಯ ಮೇಲಿನ ನಿಶಾನೆ ಬದಲಾಯಿತು. ಕಾಶೀಮನ ಸಿಟ್ಟು ಮಾತ್ರ ಇದ್ದಲ್ಲೇ ಇದೆ. ಯಾಕೆ ಇಳಿಯಬೇಕು? ಇಳಿಸುವಂಥದ್ದು ಯಾರು ಏನು ಮಾಡಿದ್ದಾರೆ?

ಹಳಿಯಾಳದಿಂದ ದಾಂಡೇಲಿಗೆ ಹೋಗುವ ಹಾದಿಯಲ್ಲಿ, ತೇಗಿನ ಕಾಡು ಶುರುವಾಗುವ ಕಡೆ, ಸಿದ್ದಿಗಳ ಒಂದು ಕೇರಿಯಿದೆ. ಮುಸಲ್ಮಾನರ ಮನೆಗಳು ಹೆಚ್ಚು, ಕ್ರಿಸ್ತಾನರವು ಕೆಲವು. ಬಾವಿ ಒಂದೇ, ಕಟ್ಟೆ ಒಂದೇ, ಜಗಳಗಳೂ ಎಲ್ಲರವೂ ಒಂದೇ. ಅಲ್ಲಿಯವನು ಕಾಶೀಮ. ಎತ್ತರದ ಆಳು. ಹೆಗಲು ನೋಡಿದರೆ ನೊಗಕ್ಕೆ ಹೂಡಬಹುದು ಅನ್ನಿಸುತ್ತದೆ. ಗಂಟಲು ಇನ್ನೂ ದೊಡ್ಡದು. ಅವನು ಕಾಳಿ ಹೊಳೆಯ ಈ ದಂಡೆಯಲ್ಲಿ ನಿಂತು ದನವನ್ನು ಕೂಗಿದರೆ ಆ ದಂಡೆಯ ದನವೂ ಕತ್ತು ಎತ್ತುತ್ತಿತ್ತು ಎಂದು ಕೇರಿಯವರು ನಗುತ್ತಿದ್ದ ಕಾಲವೊಂದಿತ್ತು.

ಅವನೂ ಅವನ ಅಣ್ಣ ಲಾಡಸಾಬನೂ ಮರ ಕಡಿಯುವ ಕೆಲಸಕ್ಕೆ ಹೋಗುತ್ತಿದ್ದರು. ಯುದ್ಧದ ದಿನಗಳು ಅವು. ಸರಕಾರಕ್ಕೆ ಎಷ್ಟು ಮರ ಕೊಟ್ಟರೂ ಸಾಲದು. ಕೋಗಿಲಬನದ ಹತ್ತಿರ ಕಾಳಿಯ ದಂಡೆಯ ಇಳಿಜಾರಿನಲ್ಲಿ ದಿಮ್ಮಿ ಉರುಳಿಸುವಾಗ ಹಗ್ಗ ಹರಿಯಿತು. ಹಗ್ಗ ಹಳೆಯದಾಗಿತ್ತು. ಹಳೆಯದಾಗಿದೆ ಎಂದು ಬೆಳಿಗ್ಗೆಯೇ ಲಾಡಸಾಬ ಹೇಳಿದ್ದ. ಆಳುಗಳ ಮೇಲಿನ ಮೇಸ್ತ್ರಿ, ಗುತ್ತಿಗೆದಾರನ ಮುಕಾದಮ, "ಇವತ್ತೊಂದಿನ ತಡೀತೈತಿ ನಡೀರಿ" ಅಂದಿದ್ದ. ದಿಮ್ಮಿ ಲಾಡಸಾಬನ ಎದೆಯ ಮೇಲೆ ಹಾದು, ಕಾಶೀಮನ ಎಡಗಾಲನ್ನು ಮೊಳಕಾಲ ಕೆಳಗೆ ಜಜ್ಜಿ, ಹೊಳೆಗೆ ಬಿತ್ತು. ಅಣ್ಣ ಅಲ್ಲೇ ಹೋದ. ತಮ್ಮ ಕುಂಟನಾಗಿ ಉಳಿದ. ಮುಕಾದಮ ಮರುದಿನ ಹೊಸ ಹಗ್ಗ ತರಿಸಿದ.

ಅವರ ತಾಯಿ ಬುಡನಬಿ. ಗಂಡ ಹಿಂದೆಯೇ ಸತ್ತವಳು. ಮಾತು ಕಡಿಮೆ, ನೋಟ ಹರಿತ. ಹಿರಿಮಗನನ್ನು ಮಣ್ಣು ಮಾಡಿ ಬಂದ ದಿನ ಅವಳು ಅಳಲಿಲ್ಲ. ಚಾಳೀಸದ ದಿನ, ಅಂದರೆ ನಲವತ್ತನೆಯ ದಿನ, ಹೆಸರು ಕರೆಯುವ ಹೊತ್ತಿಗೆ ಅತ್ತಳು.

ಈ ಹೆಸರು ಕರೆಯುವುದು ಏನೆಂದು ಹೇಳಬೇಕು. ಆ ಕೇರಿಯಲ್ಲಿ ಸತ್ತವರನ್ನು ಹಾಗೇ ಬಿಡುವುದಿಲ್ಲ. ಕಾಡಂಚಿನ ಹಳ್ಳದ ಆಚೆ ಅವರು ನಿಂತಿರುತ್ತಾರೆ, ಕರೆದರೆ ಮಾತ್ರ ಒಳಗೆ ಬಂದು ಹಿರಿಯರ ಜೊತೆ ಕೂಡುತ್ತಾರೆ ಎಂದು ನಂಬಿಕೆ. ಸಂಜೆ ದೀಪ ಹಚ್ಚಿ, ಸತ್ತವರ ರಕ್ತದವನೊಬ್ಬ ದಮಾಮ ಎಂಬ ಉದ್ದನೆಯ ಡೋಲನ್ನು ತೊಡೆಯ ಕೆಳಗೆ ಹಾಕಿಕೊಂಡು ಹಾಡಬೇಕು. ಅವರ ಮನೆಮಾತಿನ ಹಾಡು ಅದು. ಕನ್ನಡದಲ್ಲಿ ಹೇಳಿದರೆ ಇಷ್ಟೇ:

ಬಾರೋ ಬಾ... ದೀಪ ಕಂಡು ಬಾ,
ಹಳ್ಳ ದಾಟಿ ಬಾ, ಹೊಸ್ತಿಲ ಕಂಡು ಬಾ.

ಆ "ಬಾರೋ ಬಾ" ಆದಮೇಲೆ ಒಂದು ಖಾಲಿ ಜಾಗವಿದೆ. ಅಲ್ಲಿ ಸತ್ತವರ ಹೆಸರು ಬರಬೇಕು. ಹೆಸರು ಗಿಡ್ಡವಿರಬಹುದು, ಮಾರುದ್ದ ಇರಬಹುದು. ಅದು ಪೂರಾ ಮುಗಿಯುವ ತನಕ ದಮಾಮ ಒಂದೇ ಪೆಟ್ಟಿನಲ್ಲಿ ಕಾಯುತ್ತ ನಿಲ್ಲುತ್ತದೆ. ಕರೆಯುವವನ ಬಾಯಿಂದ ಯಾವ ಹೆಸರು ಬಂತೋ ಅದನ್ನೇ ಕೇರಿ ಪೂರಾ ತಿರುಗಿ ಕೂಗಬೇಕು. ಹಿಂದುಮುಂದು ನೋಡಬಾರದು, ನಡುವೆ ಬಾಯಿ ಮುಚ್ಚಬಾರದು. ರಕ್ತದವನು ಹೀಗೆ ಮೊದಲ ಸಲ ಕರೆದು ಒಳಗೆ ತಂದ ಹೆಸರನ್ನು ಆಮೇಲೆ ವರ್ಷಕ್ಕೊಮ್ಮೆ ಯಾರು ಬೇಕಾದರೂ ಕರೆಯಬಹುದು. ಮೊದಲ ಕರೆ ಮಾತ್ರ ರಕ್ತದವನದೇ.

ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಕೊಂಡು, ಗೋಡೆಗೆ ಒರಗಿ ಕುಳಿತು, ಕಾಶೀಮ ಅಣ್ಣನನ್ನು ಕರೆದಿದ್ದ. ಕೇರಿಯೆಲ್ಲ "ಲಾಡಸಾಬಾ" ಎಂದಾಗ ಮರದ ಹಕ್ಕಿಗಳು ಎದ್ದಿದ್ದವಂತೆ. ಬುಡನಬಿ ಕಣ್ಣು ಒರೆಸಿಕೊಂಡು ಮಗನ ತಲೆಯ ಮೇಲೆ ಕೈಯಿಟ್ಟು ಹೇಳಿದಳು: "ಛಲೋ ಕರದಿ ಕಾಶ್ಯಾ. ನನ್ನೂ ಹಿಂಗ ಕರಿ. ಇನ್ನೇನೂ ಕೇಳಾಂಗಿಲ್ಲ ನಾ."

"ಕರೀತೇನವ್ವಾ" ಅಂದ ಅವನು.

ಕಾಲು ಹೋದವನಿಗೆ ಕಾಡಿನಲ್ಲಿ ಕೆಲಸವಿಲ್ಲ. ಸರಕಾರ ಅಳೆದು ಕೊಡುವ ಕಂಟ್ರೋಲಿನ ಜೋಳ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಸಿಕ್ಕರೂ ಅದರಲ್ಲಿ ಹುಳವೇ ಹೆಚ್ಚು. ಬುಡನಬಿ ಕಾಡಿನ ಗೆಡ್ಡೆ ಅಗೆದು ತಂದು ಬೇಯಿಸುತ್ತಿದ್ದಳು. ಕಾಶೀಮ ಸೌದೆ ಹೊರೆ ಕಟ್ಟಿಕೊಂಡು ಕುಂಟುತ್ತ ಹಳಿಯಾಳದ ಸಂತೆಗೆ ಹೋಗುತ್ತಿದ್ದ. ಒಂದು ಸಂತೆಯ ದಿನ ಯಾವನೋ ಬಂಡಿಯವನು ಅವನ ಹೊರೆಯ ಮೇಲೆ ಚಕ್ರ ಹಾಯಿಸಿಬಿಟ್ಟ. ಕಾಶೀಮ ಎದ್ದು ನಿಂತು ಆ ಬಂಡಿಯವನ ಅಜ್ಜನಿಂದ ಹಿಡಿದು ಇನ್ನೂ ಹುಟ್ಟದ ಮೊಮ್ಮಗನ ತನಕ ಬೈದ. ಮೆಣಸಿನಕಾಯಿಯ ಸಾಲಿನಿಂದ ದನದ ಸಾಲಿನ ತನಕ ಸಂತೆ ಗಪ್ಪಾಯಿತು.

ಬಯಲಿನ ಮೂಲೆಯಲ್ಲಿ ಹೊಸದಾಗಿ ತಂಬು ಏಳುತ್ತಿತ್ತು. ಹುಬ್ಬಳ್ಳಿ ಕಡೆಯಿಂದ ಬಂದ ಸಿನೆಮಾ ತಂಬು. ಅದರ ಮಾಲಕ ಬಸಲಿಂಗಯ್ಯ. ಹಣೆಗೆ ವಿಭೂತಿ, ಕೈಗೆ ಗಡಿಯಾರ, ಮುಖಕ್ಕೆ ಸದಾ ಒಂದು ಸಣ್ಣ ನಗೆ. ಅವನು ನಡೆದು ಬಂದು ಕಾಶೀಮನ ಎದುರು ನಿಂತ.

"ಏ ತಮ್ಮಾ, ಬೈಯೂದಕ್ಕ ಇಷ್ಟು ಗಂಟಲ ಖರ್ಚು ಮಾಡ್ತಿ. ಹಾಡೂದಕ್ಕ ಬರ್ತದೇನು?"

"ಬೈಯೂದು ಪುಕಟ ಐತ್ರಿ. ಹಾಡಬೇಕಂದ್ರ ಹೊಟ್ಟಿಗೆ ಬೇಕು."

"ಹೊಟ್ಟಿಗೆ ಹಾಕ್ತೇನಿ ಬಾ. ಅಕ್ಕಿ ಹಾಕ್ತೇನಿ."

ಆ ವರ್ಷ ಅಕ್ಕಿ ಎಂಬ ಮಾತು ಕೇಳಿದರೆ ಸತ್ತವನೂ ಎದ್ದು ಕೂಡುತ್ತಿದ್ದ. ಕಾಶೀಮ ಹೋದ.

ಕೆಲಸ ಇಷ್ಟೇ. ಬಂಡಿಯ ಎರಡೂ ಮಗ್ಗುಲಿಗೆ ಬಣ್ಣದ ಚಿತ್ರ ಕಟ್ಟಿರುತ್ತದೆ. ಅದರಲ್ಲಿ ಕುಳಿತು ದಮಾಮ ಬಾರಿಸುತ್ತ, ಹಾಡುತ್ತ ಊರೂರು ತಿರುಗಬೇಕು. ಪ್ರತಿ ಸಿನೆಮಾ ಆಟಕ್ಕೂ ಅದರದೇ ಹಾಡು. ಹಾಡು ಇವನೇ ಕಟ್ಟಬೇಕು. ಬಸಲಿಂಗಯ್ಯನದು ಒಂದೇ ಹಟ: ಸಾಲು ಸಾಲಿಗೂ ಆಟದ ಹೆಸರು ಬರಬೇಕು. ಹಿಂದೊಮ್ಮೆ ಎಲ್ಲಿಯೋ ಅವನ ಕೂಗುವವನು ಹಾಡು ಚೆಂದ ಹಾಡಿ ಹೆಸರು ಮರೆತಿದ್ದನಂತೆ. ಜನ ಹಾಡು ಕೇಳಿ ಹುರುಪಿನಿಂದ ಹೊರಟು ಎದುರಿನವನ ತಂಬಿಗೆ ಹೋಗಿ ಕುಳಿತರಂತೆ. ಅಂದಿನಿಂದ ಅವನಿಗೆ ಇದೊಂದು ರೋಗ.

ಮೊದಲ ಆಟ "ಸತಿ ಕನಕಮಂಜರಿ". ಕಾಶೀಮ ಒಂದು ಹಗಲು ತಲೆ ಕೆರೆದುಕೊಂಡು ಕಟ್ಟಿದ:

ಎತ್ತಿಗೆ ಹುಲ್ಲ ಹಾಕರಿ, ಎಮ್ಮಿಗೆ ನೀರ ಕುಡಿಸರಿ,
ಬಂದಾಳ ಬಂದಾಳ ನೋಡರಿ ಸತಿ ಕನಕಮಂಜರಿ.

ಗೌಳಿಗರ ಓಣಿಯಲ್ಲಿ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಎಮ್ಮೀಗೂ ಟಿಕೀಟ ಐತೇನೋ ಯಪ್ಪಾ?"

"ಎಮ್ಮಿ ಬಂದ್ರ ಬಿಡ್ತೇವಿ, ನೀ ಬಂದ್ರ ಎರಡು ಜಾಗಾ ಹಿಡೀತಿ, ಬರಬ್ಯಾಡ!" ಅಂದ ಕಾಶೀಮ. ಓಣಿಯೆಲ್ಲ ನಕ್ಕಿತು. ಆ ಹೆಂಗಸೂ ನಕ್ಕು ಮಕ್ಕಳನ್ನು ಕರೆದುಕೊಂಡು ಆಟಕ್ಕೆ ಬಂದಳು.

ಎರಡನೆಯದು "ಸಮಂದರ್ ಕಾ ಸಿಪಾಯಿ ಉರ್ಫ್ ಸಾತ್ ತಾಲೇ". ಕಡಲಿನ ಸಿಪಾಯಿ, ಏಳು ಬೀಗಗಳ ಕತೆ. ಈ ಹೆಸರು ಕಾಶೀಮನ ಜೀವ ತೆಗೆಯಿತು. ಒಂದು ಸಾಲಿನಲ್ಲಿ ಅದೊಂದೇ ತುಂಬಿಹೋಗುತ್ತಿತ್ತು, ಬೇರೆ ಮಾತಿಗೆ ಜಾಗವೇ ಇಲ್ಲ.

"ಅಯ್ನಾರ, ಈ ಉರ್ಫ್ ಅಂದ್ರ ಏನ್ರಿ?"

"ಅದೂ ಹೆಸರೇ ಅಂತ ತಿಳಕೋ."

"ಅದನ್ನ ಬಿಟ್ಟ್ರ ನಡೀತೈತೇನ್ರಿ?"

"ರೀಲಿನ ಡಬ್ಬಿ ಮ್ಯಾಲೆ ಬರದೈತಿ. ಡಬ್ಬಿ ಮ್ಯಾಲಿಂದೆಲ್ಲಾ ಬಾಯಾಗ ಬರಬೇಕು."

ಕಾಶೀಮ ಹಾಗೇ ಹಾಡಿದ. ಬಂಡಿ ಒಂದು ಮನೆಯ ಮುಂದೆ "ಸಮಂದರ್ ಕಾ" ಎಂದು ಶುರುವಾದರೆ "ತಾಲೇ" ಬರುವ ಹೊತ್ತಿಗೆ ಎರಡು ಮನೆ ದಾಟಿರುತ್ತಿತ್ತು. ಅರ್ಧ ಊರಿಗೆ ಸಿಪಾಯಿ ಗೊತ್ತಾದ, ಇನ್ನರ್ಧ ಊರಿಗೆ ಬೀಗ ಗೊತ್ತಾಯಿತು. ತಂಬು ತುಂಬಲಿಲ್ಲ. ಆ ವಾರ ಅಕ್ಕಿ ಕಡಿಮೆ ಬಂತು.

ಮೂರನೆಯದು "ಫೌಲಾದಿ ಟಪಾಲವಾಲಾ". ಎದೆಗೆ ಕಬ್ಬಿಣದ ತಗಡು ಕಟ್ಟಿಕೊಂಡು ಕುದುರೆಯ ಮೇಲೆ ಟಪಾಲು ಹಂಚುವ ಒಬ್ಬ. ಸೇತುವೆಯಿಂದ ಜಿಗಿಯುತ್ತಾನೆ, ಗುಂಡು ತಾಗಿದರೆ ನಗುತ್ತಾನೆ. ಹೆಸರೋ, ಬಾಯಿಗೆ ಹಾಕಿಕೊಂಡ ಜಲ್ಲಿಕಲ್ಲು. ಯಾವ ಧಾಟಿಗೆ ಹಾಕಿದರೂ "ಟಪಾಲ" ಅನ್ನುವಲ್ಲಿ ಎಡವಿ ಬೀಳುತ್ತಿತ್ತು. ಲಾವಣಿಗೆ ಹಾಕಿದ, ಕುಟ್ಟುವ ಪದಕ್ಕೆ ಹಾಕಿದ, ಮದುವೆ ಹಾಡಿಗೆ ಹಾಕಿದ. ಎಲ್ಲವೂ ಕೆಟ್ಟವು. ಬಸಲಿಂಗಯ್ಯ ಅಡಿಕೆ ಕತ್ತರಿಸುತ್ತ ಕುಳಿತಿದ್ದವನು ಹೇಳಿದ: "ಇವತ್ತ ಜನ ಬರಲಿಲ್ಲಂದ್ರ ನಾಳಿಂದ ನೀ ಬರಬ್ಯಾಡ ತಮ್ಮಾ."

ಮನೆಯಲ್ಲಿ ಒಲೆಯ ಮೇಲೆ ಇಡುವುದಕ್ಕೆ ಏನೂ ಇರಲಿಲ್ಲ. ಹಸಿದವನ ಕೈಗೆ ಗೊತ್ತಿದ್ದ ದಾರಿ ತಾನೇ ಸಿಕ್ಕುತ್ತದೆ. ಕಾಶೀಮನ ಕೈ ದಮಾಮದ ಮೇಲೆ ಆ ಕಾಯುವ ಪೆಟ್ಟನ್ನು ಹಾಕಿತು. ಯಾವ ಹೆಸರು ಬಂದರೂ, ಎಷ್ಟು ಉದ್ದ ಬಂದರೂ, ಮುಗಿಯುವ ತನಕ ನಿಂತು ಕಾಯುವ ಪೆಟ್ಟು.

ಬಾರೋ ಬಾ, ಫೌಲಾದಿ ಟಪಾಲವಾಲಾ, ದೀಪ ಕಂಡು ಬಾ,
ಹಳ್ಳ ದಾಟಿ ಬಾ, ತಂಬು ಕಂಡು ಬಾ.

ಕೂತಿತು. ಒಂದಿಷ್ಟೂ ಜಗ್ಗದೆ, ಕುಗ್ಗದೆ ಕೂತಿತು. ಬಸಲಿಂಗಯ್ಯ ಅಡಕತ್ತರಿ ಕೆಳಗಿಟ್ಟ. "ಇದು... ಇದು ಎಲ್ಲಿತ್ತಲೇ ಇಷ್ಟು ದಿನ?"

ಕಾಶೀಮ ದಮಾಮ ಎತ್ತಿಕೊಂಡು ಬಂಡಿ ಏರಿದ. ಆಟ ಬದಲಾದರೆ ಈ ಹಾಡೂ ಹೋಗುತ್ತದೆ, ಹೆಚ್ಚೆಂದರೆ ಒಂದು ವಾರ ಎಂದು ಮನಸ್ಸಿಗೆ ಹೇಳಿಕೊಂಡ.

ಜನ ಬಂದರು. ಹೇಗೆ ಬಂದರು! ಅದು ಸತ್ತವರನ್ನು ಹಳ್ಳ ದಾಟಿಸಲು ಹುಟ್ಟಿದ ಧಾಟಿ. ಬದುಕಿದ್ದವರು ನಿಲ್ಲುತ್ತಾರೆಯೇ? ಬಂಡಿ ಬಂದರೆ ಹೆಂಗಸರು ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾಕೆ ಮೈ ಜುಂ ಎಂದಿತೆಂದು ಅವರಿಗೆ ಗೊತ್ತಿಲ್ಲ. ಮುಂಡಗೋಡ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದರು. ಜೋಯಿಡಾದ ಕಾಡಿನಿಂದ ಪಂಜು ಹಿಡಿದು ನಡೆದು ಬಂದರು. ಯುದ್ಧದಿಂದಾಗಿ ಹೊಸ ಆಟದ ಡಬ್ಬಿಗಳು ಬರುವುದು ನಿಂತಿತ್ತು. ಹೀಗಾಗಿ ಒಂದು ವಾರದ ಟಪಾಲವಾಲಾ ಬೇಸಿಗೆ ಪೂರಾ ಕುದುರೆ ಓಡಿಸಿದ. ಮಕ್ಕಳು ಗೋಲಿ ಆಡುವಾಗ ಅದೇ ಹಾಡು, ದನ ಕಾಯುವವರ ಬಾಯಲ್ಲಿ ಅದೇ. ಕಾಶೀಮನ ಬಾಯಲ್ಲಂತೂ ಬೆಳಗಿನಿಂದ ಸಂಜೆಯ ತನಕ ಅದೊಂದೇ.

ಮನೆಗೆ ಅಕ್ಕಿ ಬಂತು. ಬುಡನಬಿ ಎಷ್ಟೋ ದಿನಗಳ ಮೇಲೆ ಬಿಳಿ ಗಂಜಿ ಕುಡಿದಳು. ಆ ಹಾಡು ತನ್ನ ಕೇರಿಗೆ ಕೇಳಿಸಬಾರದೆಂದು ಕಾಶೀಮ ಬಂಡಿಯನ್ನು ಯಾವಾಗಲೂ ಬೇರೆ ಹಾದಿಯಲ್ಲಿ ಹೊಡೆಸುತ್ತಿದ್ದ. ಒಂದು ದಿನ ಬಸಲಿಂಗಯ್ಯ ತಾನೇ ಬಂಡಿ ಏರಿ ಕುಳಿತ. "ದಾಂಡೇಲಿ ಹಾದಿ ಯಾಕ ಬಿಡ್ತೀರಿ? ಹೊಡಿ ಆ ಕಡೆ" ಅಂದ.

ಬುಡನಬಿ ಹೊಸ್ತಿಲಲ್ಲಿ ಕುಳಿತು ಹುಣಸೆ ಕುಟ್ಟುತ್ತಿದ್ದಳು. ದಮಾಮದ ಸದ್ದು ಕೇಳಿದ ಕೂಡಲೇ ಕೈಯಲ್ಲಿದ್ದ ಕಲ್ಲು ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಎದ್ದು ನಿಂತಳು. ಯಾರೋ ಸತ್ತಿದ್ದಾರೆ, ಯಾರನ್ನೋ ಕರೆಯುತ್ತಿದ್ದಾರೆ ಎಂದು. ಕೇರಿಯ ಮುದುಕರೂ ಎದ್ದರು. ಆಗ ಬಂಡಿ ಕಂಡಿತು, ಬಣ್ಣದ ಚಿತ್ರ ಕಂಡಿತು, ಮಗ ಕಂಡ. ಕಾಶೀಮ ತಲೆ ಬಗ್ಗಿಸಿಕೊಂಡು ಹಾಡುತ್ತ ಹಾದುಹೋದ. ನಿಲ್ಲಿಸಲಿಲ್ಲ. ಪಕ್ಕದಲ್ಲಿ ಮಾಲಕ ಕುಳಿತಿದ್ದ.

ಸಂಜೆ ಮನೆಗೆ ಬಂದಾಗ ತಾಯಿ ಒಲೆಯ ಮುಂದೆ ಕುಳಿತಿದ್ದಳು. ಒಲೆ ಆರಿತ್ತು.

"ಯಾರ ಹೆಸರೋ ಅದು?"

"ಅದು ಆಟದ ಹೆಸರವ್ವಾ."

"ಸತ್ತಾನೇನು ಅಂವ?"

"ಇಲ್ಲವ್ವಾ. ಅಂವ ಹುಟ್ಟೇ ಇಲ್ಲ. ಬರೇ ಚಿತ್ರ."

ಅವಳು ಒಲೆಯ ಬೂದಿ ಕೆದಕಿದಳು. ಆಮೇಲೆ ಕೇಳಿದಳು: "ಹುಟ್ಟದವನ್ನ ದಿನಾ ಕರದ್ರ, ಆ ದೀಪಕ್ಕ ಬರೋವ್ರು ಯಾರು ಕಾಶ್ಯಾ?"

ಕಾಶೀಮನಿಗೆ ಸಿಟ್ಟು ಬಂತು. ಮಾತು ಇಲ್ಲದಾಗ ಅವನಿಗೆ ಬರುವುದು ಅದೊಂದೇ. "ಗಂಜಿ ಕುಡಿಯೂವಾಗ ಕೇಳಲಿಲ್ಲ ನೀ!" ಎಂದು ಚೀರಿದ.

ಬುಡನಬಿ ಮರುದಿನದಿಂದ ಆ ಅಕ್ಕಿ ಮುಟ್ಟಲಿಲ್ಲ. ಪಕ್ಕದ ಮನೆಯ ಮಾಗ್ದಲೀನಾ ಅವಳ ಓರಗೆಯವಳು, ಕ್ರಿಸ್ತಾನರವಳು, ಬಾಯಿ ಬಿಟ್ಟರೆ ಬೆಂಕಿ. ಅವಳು ತನ್ನ ರಾಗಿ ಅಂಬಲಿಯಲ್ಲಿ ಅರ್ಧ ತಂದು ಕೊಟ್ಟು ಹೋಗುತ್ತಿದ್ದಳು. ಹೋಗುವಾಗ ಕಾಶೀಮನ ಕಡೆ ನೋಡಿ, "ಟಪಾಲವಾಲಾ ಬಂದಾನೇನೋ ಮನೀಗೆ? ನನಗೇನರ ಕಾಗದ ಐತೇನ್ ಕೇಳು" ಅನ್ನುತ್ತಿದ್ದಳು. ಅರ್ಧ ಅಂಬಲಿಯಲ್ಲಿ ಮುದುಕಿಯ ಜೀವ ಎಷ್ಟು ದಿನ ನಿಂತೀತು? ಬೇಸಿಗೆಯ ಜ್ವರ ಹಿಡಿಯಿತು. ಹಾಸಿಗೆ ಹಿಡಿದಳು.

ಆಗ ಕಾಶೀಮ ಸಂತೆ ಬಯಲಿಗೆ ಹೋಗಿ ಬಸಲಿಂಗಯ್ಯನ ಎದುರು ಕೈಮುಗಿದು ನಿಂತ. ಜೀವಮಾನದಲ್ಲಿ ಅವನು ಯಾರಿಗೂ ಕೈಮುಗಿದವನಲ್ಲ.

"ಅಯ್ನಾರ, ಆ ಧಾಟಿ ಬಿಡ್ತೇನ್ರಿ. ಬ್ಯಾರೆ ಕಟ್ಟಿ ಕೊಡ್ತೇನಿ. ಅದು ನಮ್ಮ ಸತ್ತವರ ಹಾಡ್ರಿ."

"ಸತ್ತವರ ಹಾಡಿಗೆ ಇಷ್ಟು ಮಂದಿ ಬರ್ತಾರಂದ್ರ ಬದಕಿದ್ದವರ ಹಾಡು ಯಾಕಲೇ ಬೇಕು?" ಬಸಲಿಂಗಯ್ಯನ ಸುತ್ತ ಕುಳಿತವರು ನಕ್ಕರು.

"ನಮ್ಮವ್ವ ಮಲಗ್ಯಾಳ್ರಿ. ಆಕೀ ಹೆಸರು ಇದ್ರಾಗ ಕರೀಬೇಕ್ರಿ ನಾ. ನನ್ನ ಹಾಡು ನನಗ ಬಿಡ್ರಿ."

"ಹಾಡು ನಿಂದಲ್ಲೋ, ತಂಬಿಂದು. ಅಕ್ಕಿ ಯಾರದು ತಿಂದಿ? ನೀ ಹೋದ್ರ ಇನ್ನೊಬ್ಬ ಹಾಡ್ತಾನ. ಈಗ ಊರಿಗೆಲ್ಲಾ ಬರ್ತದದು."

ಕಾಶೀಮ ಅಲ್ಲಿದ್ದ ಬಂಡಿಯ ಚಿತ್ರವನ್ನು ಹರಿದು ಕೆಡವಿದ. ಅಡ್ಡ ಬಂದವನ ಹಲ್ಲು ಉದುರಿಸಿದ. ಫೌಜದಾರರ ಕಚೇರಿಯಲ್ಲಿ ಒಂದು ದಿನ ಕೂಡಿಸಿದರು, ಬೆನ್ನಿಗೆ ನಾಲ್ಕು ಕೊಟ್ಟು ಬಿಟ್ಟರು. ಅವನು ತನ್ನ ದಮಾಮ ಹೊತ್ತುಕೊಂಡು ಮನೆಗೆ ಬಂದ. ಅದಾದ ಮರುದಿನವೇ ಧಾರವಾಡ ಕಡೆಯ ಹಲಗೆ ಬಾರಿಸುವವನೊಬ್ಬ ಅದೇ ಹಾಡನ್ನು ಅದೇ ಧಾಟಿಯಲ್ಲಿ ಹಾಡುತ್ತ ಆ ಹಾದಿಯಲ್ಲೇ ಹಾದುಹೋದ. ದಿನಾಲೂ ಹೋದ. ಬಸಲಿಂಗಯ್ಯ ಬೇಕೆಂದೇ ಕಳಿಸುತ್ತಿದ್ದನೋ, ದಾಂಡೇಲಿಯ ಜನ ಬರಲಿ ಎಂದು ಕಳಿಸುತ್ತಿದ್ದನೋ, ದೇವರೇ ಬಲ್ಲ. ಬಂಡಿಯ ಸದ್ದು ಕೇಳಿದಾಗಲೆಲ್ಲ ಕಾಶೀಮ ತಾಯಿಯ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿ ಹಿಡಿಯುತ್ತಿದ್ದ. ತನ್ನ ಕಿವಿ ಮುಚ್ಚಿಕೊಳ್ಳುವುದಕ್ಕೆ ಇನ್ನೆರಡು ಕೈ ಎಲ್ಲಿಂದ ತರಬೇಕು? ಬಂಡಿ ದೂರ ಹೋದ ಮೇಲೂ ಅವನ ತುಟಿ ತಾನಾಗಿ ಅಲುಗುತ್ತಿತ್ತು.

ಬುಡನಬಿ ಸತ್ತಳು. ಸಾಯುವ ಮುಂಚೆ ಹೆಚ್ಚೇನೂ ಹೇಳಲಿಲ್ಲ. "ಬಾಯಿ ತೊಳಕೊಂಡು ಕರಿ" ಅಂದಳು, ಅಷ್ಟೇ.

ಚಾಳೀಸ ಹತ್ತಿರ ಬಂದಾಗ ಮಾಗ್ದಲೀನಾ ಬಂದು ಕಟ್ಟೆಯ ಮೇಲೆ ಕುಳಿತಳು. ಆ ದಿನ ಅವಳ ಬಾಯಲ್ಲಿ ಬೆಂಕಿ ಇರಲಿಲ್ಲ.

"ಕಾಶೀಮಾ, ನನ್ನ ಮಾತು ಕೇಳು. ಈ ವರ್ಷ ಬ್ಯಾಡ. ತಂಬು ಮಳೀಗೆ ಕಿತ್ತುಕೊಂಡು ಹೋಗ್ಲಿ. ನಾಲಿಗಿ ಮರೀಲಿ. ಬರೂ ವರ್ಷ ಕರಿ."

"ನಮ್ಮವ್ವನ್ನ ಹಳ್ಳದ ಆಚೆ ಮಳ್ಯಾಗ ಒಂದು ವರ್ಷ ನಿಲ್ಲಸ್ಲೇನು ಮಾವಶಿ?"

"ನಿಂತಾಳು. ಆಕಿ ಇದಕ್ಕಿಂತ ಹೆಚ್ಚಿಂದು ತಡಕೊಂಡಾಳ."

"ನನ್ನ ನಾಲಿಗಿ ನನ್ನ ಮಾತು ಕೇಳ್ತೈತಿ! ಆ ತಂಬಿನಂವ ಹೆದರಿಸ್ದಾಂಗ ನೀನೂ ಹೆದರಸ್ತೀ ಏನು? ಏಳು, ಎದ್ದು ಹೋಗು!"

ಮಾಗ್ದಲೀನಾ ಎದ್ದು ಹೋದಳು. ಕಾಶೀಮ ಆ ದಿನದಿಂದ ಉಪ್ಪು ಬಿಟ್ಟ, ಎಲೆಯಡಿಕೆ ಬಿಟ್ಟ, ಬಂಡಿಯ ಸದ್ದು ಬಂದರೆ ಕಾಡೊಳಗೆ ಹೋಗಿ ಕುಳಿತ. ಬಾಯಲ್ಲಿ ಅವ್ವನ ಹೆಸರು ಒಂದೇ ಜಪಿಸಿದ. ಅವನು ಮಾಡಬೇಕಾದದ್ದನ್ನೆಲ್ಲ ಮಾಡಿದ. ಇದನ್ನು ಯಾರೂ ಇಲ್ಲ ಅನ್ನುವ ಹಾಗಿಲ್ಲ.

ಚಾಳೀಸದ ಸಂಜೆ ಅಂಗಳ ಸಾರಿಸಿ ದೀಪ ಇಟ್ಟರು. ಕೇರಿಯೆಲ್ಲ ಸೇರಿತು. ಹಿರಿಯ ಇಮಾಮ ಕಾಕಾ ದೀಪದ ಹತ್ತಿರ ಕುಳಿತ. ಕಾಶೀಮ ಬಾಯಿ ತೊಳೆದುಕೊಂಡು, ಕೆಟ್ಟ ಕಾಲು ಚಾಚಿ, ದಮಾಮ ತೊಡೆಯ ಕೆಳಗೆ ಎಳೆದುಕೊಂಡ. ಮೊದಲ ಪೆಟ್ಟಿಗೇ ಅಂಗಳ ಗಪ್ಪಾಯಿತು.

"ಬಾರೇ ಬಾ, ಬುಡನಬೀ..."

"ಬುಡನಬೀ!" ಎಂದಿತು ಕೇರಿ.

ದೀಪ ಕಂಡು ಬಾ. ಹಳ್ಳ ದಾಟಿ ಬಾ. ಕಾಶೀಮನ ಕಣ್ಣಿನಿಂದ ನೀರು ಇಳಿಯತೊಡಗಿತು. ಕೈಗೆ ಹುರುಪು ಬಂತು. ಹೆಸರನ್ನು ಹಲವು ಸಲ ಕರೆಯುವುದು ಕ್ರಮ. ಪ್ರತಿ ಸಲಕ್ಕೂ ಪೆಟ್ಟು ಬಿಗಿಯಾಗುತ್ತ ಹೋಗಬೇಕು. ಹೋಯಿತು. ಕೈಯ ಪೆಟ್ಟು ಸಿನೆಮಾ ಬಂಡಿಯಲ್ಲಿ ಬಾರಿಸುತ್ತಿದ್ದ ಓಟಕ್ಕೆ ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದ್ದ. ಅವ್ವ ಹಳ್ಳಕ್ಕೆ ಕಾಲು ಇಡುತ್ತಿರುವುದು ಕಂಡಿತಂತೆ, ಸೀರೆ ಎತ್ತಿ ಹಿಡಿದು ಈಚೆ ನೋಡುತ್ತಿರುವುದು ಕಂಡಿತಂತೆ. ಇದನ್ನು ಅವನು ಬಹಳ ವರ್ಷಗಳ ಮೇಲೆ ಮಾಗ್ದಲೀನಾಗೆ ಒಬ್ಬಳಿಗೇ ಹೇಳಿದ. ಹಳ್ಳದಲ್ಲಿ ಕಂಡ ಅವ್ವನನ್ನು ನೋಡುತ್ತ ಎದೆಯೆಲ್ಲ ಬಾಯಾಗಿ ಕೂಗಿದ:

"ಬಾರೋ ಬಾ, ಫೌಲಾದಿ ಟಪಾಲವಾಲಾ!"

ಕರೆಯುವವನ ಬಾಯಿಂದ ಬಂದದ್ದನ್ನು ತಿರುಗಿ ಕೂಗಬೇಕು. ಹಿಂದುಮುಂದು ನೋಡಬಾರದು. ಸಿನೆಮಾವನ್ನು ಒಮ್ಮೆಯೂ ನೋಡದ ಮುದುಕರು, ಕೈ ಮೇಲೆತ್ತಿ, ಕಣ್ಣು ತುಂಬಿಕೊಂಡು, ಕಟ್ಟಳೆಯ ಪ್ರಕಾರ ಕೂಗಿದರು:

"ಫೌಲಾದಿ ಟಪಾಲವಾಲಾ!"

ಒಂದು ಗಳಿಗೆ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕಿಸಕ್ಕೆಂದಳು. ಅವಳ ಬಾಯಿ ಮುಚ್ಚಲು ಹೋದವಳು ತಾನೂ ನಕ್ಕಳು. ಪಾಪ, ಅವರ ತಪ್ಪೇನು? ನಗು ಬಾಯಿಂದ ಬಾಯಿಗೆ ಹೋಯಿತು. ಬುಡನಬಿಗಾಗಿ ನಿಜವಾಗಿಯೂ ಅತ್ತವರೂ ನಕ್ಕರು, ಅಳುತ್ತಲೇ ನಕ್ಕರು, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದರು. ಕಾಶೀಮನ ಕೈ ಇನ್ನೂ ಬಾರಿಸುತ್ತಲೇ ಇತ್ತು. ತನ್ನ ಬಾಯಿಂದ ಏನು ಬಂತೆಂದು ಅವನಿಗೆ ಇವರ ಮುಖ ನೋಡಿ ತಿಳಿಯಿತು.

ಕರೆ ಕೆಟ್ಟ ಮೇಲೆ ದೀಪ ಉರಿಯಬಾರದೆಂದು ಇಮಾಮ ಕಾಕಾ ಅದರ ಬತ್ತಿಯನ್ನು ಬೆರಳಿನಿಂದ ಒತ್ತಿ ಆರಿಸಿದ.

"ಕಾಕಾ, ಮತ್ತ ಹಚ್ಚರಿ. ಮತ್ತ ಕರೀತೇನಿ. ಕಾಕಾ!"

"ನಡುವ ಆರಿದ ದೀಪಕ್ಕ ಅದೇ ಬಾಯಿಲೆ ಕರ್ಯಾಕ ಬರಾಂಗಿಲ್ಲೋ ಮಗನ. ಆಕೀ ರಕ್ತದವ್ರು ಇನ್ನ್ಯಾರರ ಕರೀಬೇಕು."

ಇನ್ಯಾರಿದ್ದಾರೆ? ಲಾಡಸಾಬ ಮದುವೆಯಾಗದೆ ಸತ್ತವನು. ಕಾಶೀಮನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಕುಂಟನಿಗೆ ಹೆಣ್ಣು ಕೊಟ್ಟವರಿಲ್ಲ. ಬುಡನಬಿಗೆ ತವರೂ ಇರಲಿಲ್ಲ. ಜನ ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಎದ್ದು ಹೋದರು. ಹಾದಿಯ ತನಕ ಯಾರೋ ತಡೆದು ತಡೆದು ನಗುತ್ತಿದ್ದ ಸದ್ದು ಕೇಳುತ್ತಿತ್ತು.

ಮರುದಿನ ಮಾಗ್ದಲೀನಾ ತನ್ನ ಇಗರ್ಜಿಯಲ್ಲಿ ಬುಡನಬಿಯ ಹೆಸರಿಗೆ ಮೇಣದಬತ್ತಿ ಹಚ್ಚಿ ಬಂದೆ ಎಂದು ಹೇಳಿದಳು. "ಆಕಿಗೆ ಆ ಹಾದಿ ಗೊತ್ತಿಲ್ಲ ಮಾವಶಿ" ಅಂದ ಕಾಶೀಮ. ಬೇಡ ಎಂದು ತಾನು ಮೊದಲೇ ಹೇಳಿದ್ದನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಅವನು ಜಗಳವಾಡಿ ಸ್ವಲ್ಪ ಹಗುರಾಗುತ್ತಿದ್ದನೇನೋ.

ಆಮೇಲೆ ಕಾಶೀಮ ದಮಾಮ ಮುಟ್ಟಲಿಲ್ಲ. ದಾಂಡೇಲಿಯ ಮರದ ಅಡ್ಡೆಯಲ್ಲಿ ಕಾವಲಿಗೆ ನಿಂತ. ದಿಮ್ಮಿಗಳ ನಡುವೆ ಕುಂಟುತ್ತ ಓಡಾಡುತ್ತಾನೆ. ಹಗ್ಗ ಹಳೆಯದು ಕಂಡರೆ ಕೇಳದೆಯೇ ಕೊಯ್ದು ಬಿಸಾಡುತ್ತಾನೆ, ಮುಕಾದಮರ ಜೊತೆ ಹೊಡೆದಾಡುತ್ತಾನೆ. ಆ ಗಂಟಲಿನಿಂದ ಈಗ ಬರುವುದು ಬೈಗಳು ಮಾತ್ರ. ವರ್ಷಕ್ಕೊಮ್ಮೆ ಕೇರಿಯಲ್ಲಿ ಹಿರಿಯರನ್ನೆಲ್ಲ ಕರೆಯುವ ದಿನ ಬರುತ್ತಾನೆ, ಅಂಗಳದ ಒಳಗೆ ಬರುವುದಿಲ್ಲ. ಬೇಲಿಯ ಹೊರಗೆ, ಹಳ್ಳದ ಕಡೆಗೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಾನೆ. ಹಳ್ಳದ ಕಡೆ ನೋಡುವ ಧೈರ್ಯ ಅವನಿಗಿಲ್ಲ.

ಯುದ್ಧ ಮುಗಿದ ಮೇಲೆ ಬಸಲಿಂಗಯ್ಯನ ತಂಬು ಮತ್ತೆ ಬಂತು. ಹೊಸ ಡಬ್ಬಿ, ಹೊಸ ಆಟ, ಮೊದಲಿಗಿಂತ ಉದ್ದನೆಯ ಹೆಸರು. ಯಾರು ಹಾಡಿದರೂ ಹೆಸರು ಹಾಡಿಗೆ ಹತ್ತುತ್ತಿಲ್ಲವಂತೆ. ಕಾಶೀಮನನ್ನು ಕರೆದುಕೊಂಡು ಬಾ ಎಂದು ತಂಬಿನ ಬಂಡಿಯವನನ್ನು ದಾಂಡೇಲಿಗೆ ಕಳಿಸಿದ. ಜೊತೆಗೆ ಒಂದು ಚೀಲ ಅಕ್ಕಿ.

"ಅಯ್ನಾರು ಹಿಂದಿಂದೆಲ್ಲಾ ಮರ್ತಾರಂತ" ಅಂದ ಬಂಡಿಯವನು. "ನೀನೂ ಮರತು ಬಾ ಅಂದಾರ. ಆ ಚಿತ್ರ ಹರದಿದ್ದು, ಹಲ್ಲು ಮುರದಿದ್ದು, ಯಾವುದೂ ಬ್ಯಾಡಂತ. ಲೆಕ್ಕ ಚುಕ್ತಾ ಅಂದಾರ."

ಕಾಶೀಮ ಚೀಲದ ಬಾಯಿ ಬಿಚ್ಚಿ ಅಕ್ಕಿಯನ್ನು ಬೊಗಸೆಯಲ್ಲಿ ಎತ್ತಿ ನೋಡಿದ. ಒಳ್ಳೆಯ ಅಕ್ಕಿ. ಮತ್ತೆ ಕಟ್ಟಿ ಬಂಡಿಯ ಮೇಲಿಟ್ಟ.

"ಹೋಗಿ ಹೇಳು. ಅಂವ ನನಗ ಕೊಡಬೇಕಾದ್ದು ಅಕ್ಕಿ ಅಲ್ಲ. ಬರ್ಲಿ. ನಮ್ಮ ಅಂಗಳದಾಗ ದೀಪ ಹಚ್ಚಿ ಕೂಡ್ಲಿ. ನಮ್ಮವ್ವನ ಹೆಸರು ಕರದು, ಆಕೀನ್ನ ಈ ಕಡೆ ದಾಟಿಸಿ ಹೋಗ್ಲಿ. ಆಮ್ಯಾಲೆ ಚುಕ್ತಾ ಅನ್ಲಿ."

"ಅದೆಂಗ ಆಗ್ತದೋ ಮಾರಾಯಾ? ಅಯ್ನಾರು ನಿಮ್ಮ ರಕ್ತದವರೇನು?"

"ಅಲ್ಲ" ಅಂದ ಕಾಶೀಮ. "ನನಗೂ ಗೊತ್ತೈತಿ."

ಬಂಡಿಯವನು ಅಕ್ಕಿ ವಾಪಸು ಒಯ್ದ. ಬಸಲಿಂಗಯ್ಯ ಆ ಮಾತು ಕೇಳಿ ಏನಂದನೋ ತಿಳಿಯದು. ಮುಂದಿನ ಮಳೆಗಾಲದಲ್ಲಿ ಕಲಘಟಗಿಯ ಹತ್ತಿರ ಕಾಲರಾ ತಾಗಿ ಸತ್ತ ಎಂದು ಸುದ್ದಿ ಬಂತು. ಸುದ್ದಿ ತಂದವನ ಮೇಲೆ ಕಾಶೀಮ ರೇಗಿ ಎದ್ದ. ಕೊಡಬೇಕಾದ್ದನ್ನು ಕೊಡದೆ ಅವನು ಹೇಗೆ ಸತ್ತಾನು ಎಂದು.

ಈಗ ಆ ಕೇರಿಯಲ್ಲಿ ವರ್ಷದ ಕರೆ ನಡೆಯುವಾಗ ಲಾಡಸಾಬನ ಹೆಸರು ಕರೆಯುತ್ತಾರೆ, ಅವನ ಅಪ್ಪನ ಹೆಸರು ಕರೆಯುತ್ತಾರೆ, ಮೊನ್ನೆ ಮೊನ್ನೆ ಸತ್ತ ಇಮಾಮ ಕಾಕಾನದನ್ನೂ ಕರೆಯುತ್ತಾರೆ. ಬುಡನಬಿಯದನ್ನು ಕರೆಯುವಂತಿಲ್ಲ. ಬೇಲಿಯ ಹೊರಗೆ ಕುಳಿತ ಕಾಶೀಮ ಎಲ್ಲ ಹೆಸರುಗಳನ್ನೂ ಕೊನೆಯ ತನಕ ಕೇಳುತ್ತಾನೆ. ದೀಪ ಒಳಗೆ ಒಯ್ದ ಮೇಲೆ ಕೋಲೂರಿ ಏಳುತ್ತಾನೆ. ಅವ್ವನಿಗೆ ಕೊಟ್ಟ ಮಾತು ಅವನ ತಲೆಯ ಮೇಲೆ ಹಾಗೇ ಇದೆ, ತೀರಿಸುವ ದಾರಿ ಯಾರಿಗೂ ಗೊತ್ತಿಲ್ಲ.